ಕೂಳೆಗದ್ದೆಯ ಟೀಮು

ಸುಳ್ಳು ಹೇಳಲು ಬರುವವರು ತಲೆ ತಗ್ಗಿಸಿಕೊಂಡು ಬರುತ್ತಾರೆ ಎಂದು ನಾನು ತಿಳಿದಿದ್ದೆ. ರೂಪೇಶ ಬಂದದ್ದು ಸೆಂಟು ಹೊಡೆದುಕೊಂಡು, ಹೊಸ ಟೀ ಶರ್ಟು ತೊಟ್ಟು, ಹಲ್ಲು ಕಿಸಿಯುತ್ತ.

“ಏನೇ ವೀಣಾ, ಹೇಂಗ್ ಕಾಣ್ತೆ ನಾನು? ಟೀಮಿನ ಶರ್ಟ್ ಮಾರಾಯ್ತಿ! ಉಮೇಶ ಎಲ್ಲಾರಿಗೂ ಮಾಡ್ಸಾನೆ. ನಿಂದೂ ಅದೆ.”

ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದೊಳಗಿನ ಶರ್ಟೊಂದು ಬಿತ್ತು. ಹಳದಿ ಬಣ್ಣ, ಬೆನ್ನಿಗೆ ನನ್ನ ಹೆಸರು, ಎದೆಗೆ ಮೊಟ್ಟೆಯಾಕಾರದ ಕೆಂಪು ಚೆಂಡು. ಅದರ ಜೊತೆಗೆ ಇನ್ನೊಂದು ಚೀಲವೂ ಇತ್ತು. ಅದರ ಮೇಲೆ ತಿಮ್ಮು ಎಂದು ಬರೆದಿತ್ತು.

“ಇದ್ ಎಂತಕ್ಕೆ?” ಎಂದೆ.

“ಅಂವನೂ ಟೀಮಿನವನೇ ಅಲ್ದನೇ? ಪಾಪ, ಬೇಜಾರ್ ಮಾಡ್ಕಂಬೂದು ಬ್ಯಾಡ ಅಂದ ಉಮೇಶ. ನೀನೇ ಮುಟ್ಸು, ನಿಮ್ಮನೆ ಹತ್ರನೇ ಅಲ್ದ?”

ತಿಮ್ಮುವಿನ ಗದ್ದೆ ನುಂಗಲು ಸಹಿ ಹಾಕಬಂದವರು ತಿಮ್ಮುವಿಗೂ ಒಂದು ಶರ್ಟು ಮಾಡಿಸಿದ್ದರು. ಥೂ!

ನಾನು ಕೆಲಸ ಮಾಡುತ್ತಿದ್ದದ್ದು ಅಂಕೋಲೆಯ ತಾಲೂಕು ಕಚೇರಿಯ ಎದುರಿನ ಒಂದು ನೋಟರಿ ಆಫೀಸಿನಲ್ಲಿ. ಒಳಗಿನ ಕೋಣೆಯಲ್ಲಿ ವಕೀಲರು; ಹೊರಗೆ ನಾನು, ನನ್ನ ಕಂಪ್ಯೂಟರು, ಕೆಮ್ಮುವ ಪ್ರಿಂಟರು, ದಾರ ಕಟ್ಟಿದ ಒಂದು ಪೆನ್ನು. ಏಳು ವರ್ಷ ಊರವರ ಅಫಿಡವಿಟ್ಟುಗಳನ್ನು ಟೈಪ್ ಮಾಡಿದ್ದೇನೆ. ‘ಸತ್ಯಪ್ರಮಾಣ ಮಾಡಿ ಹೇಳುವುದೇನೆಂದರೆ’ ಎಂಬ ಸಾಲನ್ನು ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಹೊಡೆಯುತ್ತವೆ. ಅದರ ಮುಂದೆ ಬರುವುದು ಸತ್ಯವೋ ಅಲ್ಲವೋ ಎಂದು ನೋಡುವುದು ನಿನ್ನ ಕೆಲಸವಲ್ಲ ಎಂದು ವಕೀಲರು ಮೊದಲ ದಿನವೇ ಹೇಳಿದ್ದರು. ನಾನೂ ಹೂಂಗುಟ್ಟಿ ಕುಳಿತಿದ್ದೆ.

ಆದರೆ ಹಿಂದಿನ ದಿನ, ಗುರುವಾರ, ನಮ್ಮ ಟೀಮಿನ ಉಮೇಶ ತಂದುಕೊಟ್ಟ ಕರಡು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯದ್ದು. ನಾವು ಕಲಿತ ಹೈಸ್ಕೂಲಿನ ಹಿಂದಿರುವ ಜಾಗ ಶಾಲೆಯ ಆಟದ ಮೈದಾನ. ನಾವು ಟೀಮಿನವರು ಅಲ್ಲಿ ವರ್ಷವಿಡೀ ಆಡಿದ್ದೇವೆ. ಅಲ್ಲಿ ಯಾರೂ ಬೇಸಾಯ ಮಾಡಿದ್ದನ್ನು ಕಂಡಿಲ್ಲ. ಇಷ್ಟೇ ಒಕ್ಕಣೆ. ಎಂಟು ಜನರಿಗೆ ಎಂಟು ಪ್ರತಿ, ಹೆಸರಷ್ಟೇ ಬೇರೆ. ಒಂಬತ್ತನೆಯದು ನನ್ನದು. ಸೋಮವಾರ ಹನ್ನೊಂದು ಗಂಟೆಗೆ ತಹಶೀಲ್ದಾರರ ಮುಂದೆ ತಿಮ್ಮುವಿನ ಅರ್ಜಿಯ ವಿಚಾರಣೆ. ಇವು ನಿಂತರೆ ಗದ್ದೆ ಶಾಲೆಯದು, ಬಿದ್ದರೆ ತಿಮ್ಮುವಿನದು.

ನಾನು ಅದನ್ನು ಟೈಪ್ ಮಾಡಿದೆ. ಎಂಟನ್ನೂ ಮಾಡಿದೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಉಳಿದವರನ್ನೆಲ್ಲ ಬೈಯುವವಳಿದ್ದೇನೆ.

ಹದಿನೈದು ವರ್ಷದ ಹಿಂದೆ ನಮ್ಮ ಡ್ರಿಲ್ ಮಾಸ್ತರು, ಮಾದು ಮಾಸ್ತರು, ಯಾವುದೋ ಶಿಬಿರಕ್ಕೆ ಹೋದವರು ನಾಲ್ಕು ಕೆಂಪು ಚೆಂಡು ಹೊತ್ತುಕೊಂಡು ಬಂದರು. ಚೆಂಡು ಗುಂಡಗಿರಲಿಲ್ಲ, ಎರಡೂ ತುದಿ ಚೂಪು, ಎಳೆ ಪಪ್ಪಾಯಿಯ ಹಾಗೆ. ಆಸ್ಟ್ರೇಲಿಯಾದವರ ಫುಟ್ಬಾಲಂತೆ. ಕಾಲಲ್ಲಿ ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಆದರೆ ಎಸೆಯುವಂತಿಲ್ಲ. ಒಂದು ಅಂಗೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಿ ಜೊತೆಯವನಿಗೆ ಕೊಡಬೇಕು. ಹಿಡಿದು ಓಡುವವನು ನಡುನಡುವೆ ನೆಲಕ್ಕೆ ಪುಟಿಸಬೇಕು. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ, ಪಕ್ಕದ ಸಂದಿಯಲ್ಲಿ ಹೋದರೆ ಒಂದು. ಇದಕ್ಕಿಂತ ಹೆಚ್ಚು ನಮಗೂ ಗೊತ್ತಿರಲಿಲ್ಲ.

ಮಾಸ್ತರಿಗೆ ಇನ್ನೊಂದು ಸಂಗತಿ ಗೊತ್ತಿತ್ತು. ಈ ಆಟ ಆಡುವವರೇ ಇಲ್ಲ. ಕಬಡ್ಡಿಯಲ್ಲಿ, ಖೋ ಖೋದಲ್ಲಿ ತಾಲೂಕು ದಾಟುವುದೇ ಕಷ್ಟ. ಇದರಲ್ಲಾದರೆ ಒಂಬತ್ತು ಜನ ಸಿಕ್ಕರೆ ಸಾಕು, ನೇರ ರಾಜ್ಯಮಟ್ಟ. ಹುಡುಗರು ಸಾಲದೆ ನನ್ನನ್ನೂ ದೀಕ್ಷಾಳನ್ನೂ ಎಳೆದುಕೊಂಡರು. ಐದೇ ಐದು ತಂಡ ಬಂದ ಪಂದ್ಯಾವಳಿಯಲ್ಲಿ ಮೂರನೆಯವರಾಗಿ, ದಪ್ಪ ಕಾಗದದ ಸರ್ಟಿಫಿಕೇಟು ತಂದೆವು. ಗೆದ್ದ ಎರಡೂ ಆಟ ತಿಮ್ಮುವಿನಿಂದ ಗೆದ್ದದ್ದು. ಆ ಹಾಳು ಚೆಂಡು ಎತ್ತ ಪುಟಿಯುತ್ತದೆ ಎಂದು ನಮಗ್ಯಾರಿಗೂ ತಿಳಿಯುತ್ತಿರಲಿಲ್ಲ, ಅವನಿಗೆ ತಿಳಿಯುತ್ತಿತ್ತು.

ಶಾಲೆಗಿದ್ದ ಅಂಗಳ ಪ್ರಾರ್ಥನೆಗೆ ನಿಲ್ಲಲೂ ಸಾಲದ್ದು. ಹಿಂದೆ ತಿಮ್ಮುವಿನ ಅಪ್ಪ ಬೊಮ್ಮಯ್ಯ ಗೌಡರ ಮೂರು ತುಂಡು ಗದ್ದೆಯಿತ್ತು. ಅಮದಳ್ಳಿ ಬದಿಯಲ್ಲಿದ್ದ ಅವರ ಜಮೀನೆಲ್ಲ ನೌಕಾನೆಲೆಗೆ ಹೋದ ಮೇಲೆ ಹಟ್ಟಿಕೇರಿಗೆ ಬಂದು, ಉಮೇಶನ ಅಜ್ಜನಿಂದ ಇದನ್ನು ಕೊಂಡಿದ್ದರು. ಬರೆದುಕೊಂಡದ್ದು ಒಂದು ಬಿಳಿ ಹಾಳೆಯಲ್ಲಿ. ಆ ಹಾಳೆ ಒಂದು ನೆರೆಯಲ್ಲಿ ಪೆಟ್ಟಿಗೆಯ ಸಮೇತ ಹೋಯಿತು. ಪಹಣಿಯಲ್ಲಿ ಇವತ್ತಿಗೂ ಇರುವುದು ಉಮೇಶನ ಅಜ್ಜನ ಹೆಸರು. ಅಜ್ಜ ಅದನ್ನು ಶಾಲೆಗೆ ಬಿಟ್ಟುಕೊಟ್ಟಿದ್ದರು ಎಂಬುದು ಉಮೇಶನ ವಾದ.

ಮಾಸ್ತರು ಒಂದು ಸಂಜೆ ನನ್ನನ್ನೂ ತಿಮ್ಮುವನ್ನೂ ಕರೆದುಕೊಂಡು ಬೊಮ್ಮಯ್ಯನವರ ಮನೆಗೆ ಹೋದರು. ಜಗಲಿಯಲ್ಲಿ ಕುಳಿತು, ಕೊಟ್ಟ ಎಲೆಯಡಿಕೆಯ ಕವಳ ಹಾಕಿ, ಕೊಯ್ಲು ಮುಗಿದ ಮೇಲೆ ಮಳೆಗಾಲದ ತನಕ ಗದ್ದೆಯನ್ನು ಮಕ್ಕಳಿಗೆ ಆಡಲು ಕೊಡಬೇಕು ಎಂದು ಎರಡೂ ಕೈ ಜೋಡಿಸಿ ಕೇಳಿದರು.

“ಮಕ್ಳು ಆಡೂಕೆ ನನ್ನ ಕೇಳೂದು ಎಂತದ್ರಾ ಮಾಸ್ತರೆ? ಆಡ್ಲಿ” ಎಂದರು ಬೊಮ್ಮಯ್ಯ. ಸ್ವಲ್ಪ ಯೋಚಿಸಿ, “ಆದ್ರೆ ಮಧ್ಯ ಬದು ಅದ್ಯಲ್ಲ, ಎಡ್ವಿ ಬಿದ್ರೆ?” ಎಂದರು.

ಮರುದಿನ ನಾವು ಹೋಗುವ ಹೊತ್ತಿಗೆ ಅವರು ಗುದ್ದಲಿ ಹಿಡಿದು ಮೂರು ಗದ್ದೆಯ ಬದುಗಳನ್ನು ಕಡಿದು ಸಮ ಮಾಡುತ್ತಿದ್ದರು. ಬಿದಿರು ಕಡಿದು ತಂದು ಎಂಟು ಕಂಬ ನೆಟ್ಟವರೂ ಅವರೇ. ಜೂನ್ ಬಂದರೆ ಮತ್ತೆ ಬದು ಕಟ್ಟಿ ನಾಟಿ. ಡಿಸೆಂಬರ್ ಬಂದರೆ ಮತ್ತೆ ಕಡಿಯುವುದು. ನಾವು ಶಾಲೆ ಬಿಟ್ಟ ಮೇಲೂ, ನಮ್ಮ ನಂತರದ ಹುಡುಗರಿಗಾಗಿ, ವರ್ಷ ವರ್ಷ ಹೀಗೇ. ತನ್ನ ಗದ್ದೆಯ ಬದುವನ್ನು ತಾನೇ ಕಡಿದು ಹಾಕುವ ರೈತನನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಾಸ್ತರು ನಿವೃತ್ತರಾಗಿ ಆಟ ನಿಂತ ಮೇಲೂ ಒಂದು ತುದಿಯ ನಾಲ್ಕು ಕಂಬಗಳನ್ನು ಅವರು ಕೀಳಲಿಲ್ಲ. ಹುಡುಗರು ಮತ್ತೆ ಬಂದಾರು ಎಂದು ಕಂಬಗಳ ಸುತ್ತ ಬಳಸಿಕೊಂಡು ಹೂಡುತ್ತಿದ್ದರು.

ಆಟ ಮುಗಿಸಿ ನಾವು ಒಂಬತ್ತೂ ಜನ ಹೋಗುತ್ತಿದ್ದದ್ದು ಅವರ ಮನೆಯ ಹಿತ್ತಿಲಿಗೆ. ತಿಮ್ಮುವಿನ ತಾಯಿ ಕಾಮಕ್ಕ ಅದೇ ಗದ್ದೆಯ ಅಕ್ಕಿಯ ಗಂಜಿ ಬಡಿಸುತ್ತಿದ್ದಳು, ಸುಟ್ಟ ಒಣಮೀನಿನ ಚಟ್ನಿ ಜೊತೆಗೆ. ಕೊಯ್ದ ಭತ್ತದ ಮೋಟು, ಅಂದರೆ ಕೂಳೆ, ಬರಿಗಾಲಿಗೆ ಚುಚ್ಚಿ ರಕ್ತ ಬಂದಿರುತ್ತಿತ್ತು. ಒಬ್ಬೊಬ್ಬರ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು ಅರಿಶಿನ ಕಲಸಿದ ಎಣ್ಣೆ ಹಚ್ಚುತ್ತಿದ್ದಳು. ಉಮೇಶ ಎಲ್ಲರಿಗಿಂತ ದೊಡ್ಡದಾಗಿ ಅಳುತ್ತಿದ್ದ. ಮೂರು ಬಟ್ಟಲು ಗಂಜಿ ಉಣ್ಣುತ್ತಿದ್ದವನೂ ಅವನೇ.

ಎರಡು ವರ್ಷದ ಹಿಂದೆ ಬೊಮ್ಮಯ್ಯ ತೀರಿಹೋದರು. ನೌಕಾನೆಲೆಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದ ತಿಮ್ಮು ಕಳೆದ ಮೇ ತಿಂಗಳಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಒಂದೇ ಒಂದು ಮಳೆಗಾಲ ಗದ್ದೆ ಪಾಳು ಬಿತ್ತು. ಅಷ್ಟು ಸಾಕಾಯಿತು. ಈಗ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಯಾಗಿರುವ ಉಮೇಶ ಜೆಸಿಬಿ ತಂದು ನೆಲ ಕೆರೆಸಿದ, ತಂತಿ ಬೇಲಿ ಹಾಕಿಸಿದ, ‘ಶಾಲಾ ಮೈದಾನ’ ಎಂದು ಬೋರ್ಡು ನಿಲ್ಲಿಸಿದ. ಹೋಗಿ ನೋಡಿದರೆ ಬದುವಿರಲಿಲ್ಲ, ಕಂಬವಿತ್ತು. ಯಾರು ನೋಡಿದರೂ ಮೈದಾನವೆಂದೇ ಹೇಳುತ್ತಿದ್ದರು. ಬೊಮ್ಮಯ್ಯ ನಮ್ಮ ಮೇಲಿನ ಪ್ರೀತಿಗೆ ಮಾಡಿದ್ದೆಲ್ಲ ಅವರ ಮಗನ ಕುತ್ತಿಗೆಗೆ ಬಂದಿತ್ತು. ಅಲ್ಲಿ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ, ಸಂಜೆ ಹೊತ್ತು ಕಾರವಾರದ ಸಾಹುಕಾರರ ಮಕ್ಕಳಿಗೆ ಆಡಲು ಬಾಡಿಗೆಗೆ ಕೊಡುವುದು ಉಮೇಶನ ಲೆಕ್ಕಾಚಾರ. ಇದು ಊರಿಗೆಲ್ಲ ಗೊತ್ತಿತ್ತು.

ಗುರುವಾರ ಕರಡಿನ ಜೊತೆ ಅವನು ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದ್ದ. ಟೀಮಿನ ಫೋಟೋ, ಸೊಂಟದಿಂದ ಮೇಲಿನದು. ಹಿಗ್ಗಿಸಿದರೆ ಮುಖವೆಲ್ಲ ಕಲಸಿಹೋಗುತ್ತಿತ್ತು.

“ಇದ್ ಚಲೋ ಬರೂದಿಲ್ಲ. ನಿನ್ನ ಹತ್ರ ಒರಿಜಿನಲ್ ಇತ್ತಲ್ಲ, ಅದ್ನೇ ಹಚ್ಚು. ಎಲ್ಲರ ಅಫಿಡವಿಟ್ಟಿಗೂ ಒಂದೊಂದು” ಎಂದ. “ಕೆಳಗೆ ಹಾಕು: ಚಿತ್ರದಲ್ಲಿರುವುದು ನಾವೇ, ಜಾಗವೂ ಅದೇ ಅಂತ. ಗಟ್ಟಿ ಆಗ್ಲಿ.”

ಒರಿಜಿನಲ್ ನನ್ನ ಹತ್ತಿರವಿತ್ತು. ಅಂಕದ ಪುಸ್ತಕ ಬರೆಯುತ್ತಿದ್ದವಳು ನಾನು, ಅದರೊಳಗೆ ಇಟ್ಟುಕೊಂಡಿದ್ದೆ. ಶುಕ್ರವಾರ ಬೆಳಿಗ್ಗೆ ಅದನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ದೊಡ್ಡದು ಮಾಡಿದೆ. ಒಂಬತ್ತು ಮುಖ. ಕೆಳಗೆ ಹದಿನೆಂಟು ಬರಿಗಾಲು. ಕಾಲುಗಳ ನಡುವೆ, ಸಾಲು ಸಾಲಾಗಿ, ಹಿಡಿ ಹಿಡಿಯಾಗಿ, ಕತ್ತಿಯಲ್ಲಿ ಕೊಯ್ದ ಭತ್ತದ ಕೂಳೆ. ಹಿಂದೆ, ಫೋಟೋದ ಮೂಲೆಯಲ್ಲಿ, ತಲೆಗೆ ಪಂಚೆ ಸುತ್ತಿಕೊಂಡ ಬೊಮ್ಮಯ್ಯ ಭತ್ತದ ಹುಲ್ಲಿನ ಕುತ್ರಿ, ಅಂದರೆ ಬಣವೆ, ಒಟ್ಟುತ್ತ ಅರ್ಧ ತಿರುಗಿ ನಮ್ಮನ್ನು ನೋಡುತ್ತಿದ್ದರು.

ನಾನು ಎಷ್ಟೋ ಹೊತ್ತು ನೋಡಿದೆ. ಆಮೇಲೆ ಎಂಟು ಪ್ರತಿ ತೆಗೆದು ಎಂಟಕ್ಕೂ ಪಿನ್ನು ಹೊಡೆದೆ. ಅವನೇ ಕೇಳಿದ್ದು, ಅದನ್ನೇ ಹಚ್ಚಿದೆ. ಸಹಿ ಹಾಕುವವರಿಗೆ ಕಣ್ಣಿದ್ದರೆ ನೋಡಿಕೊಳ್ಳಲಿ.

ಯಾರೂ ನೋಡಲಿಲ್ಲ. ಅಲ್ಲ, ನೋಡಿದರು, ಒಬ್ಬೊಬ್ಬರೂ ತಮ್ಮ ಮುಖವನ್ನೇ ನೋಡಿಕೊಂಡರು.

ರೂಪೇಶ ಈಗ ಶಾಲೆಯ ವ್ಯಾನು ಓಡಿಸುತ್ತಾನೆ. “ಅಯ್ಯೋ ದೇವ್ರೇ, ನಂಗೆ ಎಷ್ಟ್ ಕೂದ್ಲಿತ್ತು ನೋಡೇ!” ಎಂದು ಬೋಳುತಲೆ ಸವರಿಕೊಂಡ. ಒಂದು ಅಕ್ಷರ ಓದಲಿಲ್ಲ. ಮೂರು ಕಡೆ ಸಹಿ ಗೀಚಿ, ಭಾನುವಾರ ಕಾರವಾರದಲ್ಲಿ ಉಮೇಶ ಕೊಡುವ ಮೀನೂಟಕ್ಕೆ ತಪ್ಪದೆ ಬರಬೇಕೆಂದು ನನಗೆ ತಾಕೀತು ಮಾಡಿ ಹೋದ. ಇಸ್ವಾಣ ಮೀನಿನ ರವಾ ಫ್ರೈ ಇದೆಯಂತೆ.

ಗೋವಾದಲ್ಲಿ ಕೆಲಸಕ್ಕಿದ್ದ ಮೂವರು ಒಟ್ಟಿಗೆ ಬಂದರು. ಬಸ್ಸಿಳಿದರು, ಸಹಿ ಹಾಕಿದರು, ಫೋಟೋದ ಫೋಟೋ ತೆಗೆದುಕೊಂಡರು, ತಿರುಗುವ ಬಸ್ಸಿಗೆ ಓಡಿದರು. ಯಾಕೆ, ಏನು ಎಂದು ಒಬ್ಬನೂ ಕೇಳಲಿಲ್ಲ. ಮನುಷ್ಯರೋ ರಬ್ಬರ್ ಸ್ಟಾಂಪುಗಳೋ!

ಪ್ರಕಾಶನ ಕಥೆ ಬೇರೆ. ಆಟದ ಸರ್ಟಿಫಿಕೇಟಿನ ಬಲದಿಂದ ಅವನು ಕಾರವಾರದಲ್ಲಿ ಸರ್ಕಾರಿ ಗುಮಾಸ್ತನಾಗಿದ್ದಾನೆ. ಕನ್ನಡಕ ಏರಿಸಿ ಪೂರ್ತಿ ಓದಿದ. ನನಗೆ ಒಂದು ಕ್ಷಣ ಆಸೆ ಹುಟ್ಟಿತು.

“ಇದ್ ಆಗೂದಿಲ್ಲ ವೀಣಾ. ನಾ ಸರ್ಕಾರಿ ನೌಕರ, ನಾಳೆ ತೊಂದ್ರೆ ಆಗ್ತದೆ. ‘ಬೇಸಾಯ ಮಾಡಿದ್ದನ್ನು ಕಂಡಿಲ್ಲ’ ಅನ್ನೂದು ತೆಗಿ. ‘ಕಂಡ ನೆನಪಿಲ್ಲ’ ಅಂತ ಹಾಕು.”

“ನೆನಪಿಲ್ವಾ ನಿಂಗೆ?”

“ಅದನ್ನೆಲ್ಲ ಕೇಳ್ಬೇಡ ಮಾರಾಯ್ತಿ” ಎಂದು ಮೆಲ್ಲಗೆ ನಕ್ಕ. ನಾನು ಬದಲಾಯಿಸಿಕೊಟ್ಟೆ. ಅವನು ತೃಪ್ತಿಯಿಂದ ಸಹಿ ಹಾಕಿ, ಪೆನ್ನಿನ ಕ್ಯಾಪು ಹಾಕಿ, ದಾರವನ್ನು ನೀಟಾಗಿ ಸುತ್ತಿಟ್ಟ. ಕದ್ದವನ ಕೈಗಿಂತ ಆ ನೀಟಾದ ಕೈ ನೋಡಿ ನನಗೆ ಹೆಚ್ಚು ಹೇಸಿಗೆಯಾಯಿತು.

ದೀಕ್ಷಾ ಅತ್ತಳು. ಅದೇ ಶಾಲೆಯಲ್ಲಿ ಅವಳು ತಾತ್ಕಾಲಿಕ ಟೀಚರು. “ಉಮೇಶ ಖಾಯಂ ಮಾಡ್ತೆ ಅಂದಾನೆ ಕಣೇ. ನಾ ಎಂತ ಮಾಡ್ಲಿ? ಕಾಮಕ್ಕನ ಮುಖ ಹೇಂಗ್ ನೋಡೂದು ನಾನು?” ಎಂದು ಮೂಗು ಒರೆಸಿಕೊಂಡಳು. ಮೂಗು ಒರೆಸಿಕೊಳ್ಳುತ್ತಲೇ ಸಹಿ ಹಾಕಿದಳು. ಕಣ್ಣೀರು ಕಾಗದದ ಮೇಲೆ ಬೀಳದ ಹಾಗೆ ಹುಷಾರಾಗಿ ಬಗ್ಗಿದ್ದಳು.

ಶನಿವಾರ ಮಧ್ಯಾಹ್ನ ಮಾದು ಮಾಸ್ತರು ಬಂದರು. ಬಿಳಿ ಪಂಚೆ, ಬಿಳಿ ಅಂಗಿ. ನಾನು ಎದ್ದು ನಿಂತೆ, ಅಭ್ಯಾಸ. ಅವರು ಫೋಟೋ ಹಿಡಿದು ಬಹಳ ಹೊತ್ತು ನೋಡಿದರು. ಅವರ ಕಣ್ಣು ಒದ್ದೆಯಾಯಿತು. “ಎಂಥಾ ಟೀಮು ಕಟ್ಟಿದ್ದೆ ನಾನು!” ಎಂದರು. ಅವರ ಕಣ್ಣು ಒದ್ದೆಯಾದದ್ದು ಆ ‘ನಾನು’ ಎಂಬ ಪದಕ್ಕೆ.

ನನಗೆ ತಡೆಯಲಾಗಲಿಲ್ಲ. “ಮಾಸ್ತರೆ, ಬೊಮ್ಮಯ್ಯನವರ ಹತ್ರ ಗದ್ದೆ ಕೇಳೂಕೆ ಹೋದವ್ರು ನೀವೇ ಅಲ್ವಾ? ನಾ ನಿಮ್ಮ ಬೆನ್ನಿಗೇ ಕೂತಿದ್ದೆ. ಕೈ ಮುಗ್ದು ಕೇಳಿದ್ರಿ.”

ಅವರು ಫೋಟೋ ಪಕ್ಕಕ್ಕೆ ಇಟ್ಟು, ಸಮಾಧಾನದ ದನಿಯಲ್ಲಿ, “ಹಳೇದೆಲ್ಲ ಕೆದಕ್ತಾ ಕೂತ್ರೆ ಊರು ಮುಂದೆ ಹೋಗೂದಿಲ್ಲ ತಂಗಿ. ಮಕ್ಕಳಿಗೆ ಮೈದಾನ ಬೇಕು. ಉಮೇಶ ನನ್ನ ಹೆಸ್ರು ಇಡ್ತಾನಂತೆ ಅದಕ್ಕೆ. ಗೇಟಿನ ಮೇಲೆ, ಕಲ್ಲಲ್ಲಿ” ಎಂದರು.

ಸಹಿಯನ್ನು ಕನ್ನಡದಲ್ಲಿ, ದುಂಡಗೆ, ಚೆಂದವಾಗಿ ಹಾಕಿದರು. ಆಮೇಲಿಂದ ಅವರನ್ನು ಮಾಸ್ತರು ಎಂದು ಕರೆಯಲು ನನ್ನ ನಾಲಿಗೆ ಏಳುತ್ತಿಲ್ಲ. ಕಲ್ಲಿನ ಮೇಲೆ ನಾಲ್ಕಕ್ಷರ ಕೆತ್ತಿಸಿಕೊಳ್ಳಲು ಆ ಮನುಷ್ಯ ಸತ್ತವನ ಗದ್ದೆ ಕೊಟ್ಟುಬಿಟ್ಟ.

ಸಂಜೆ ಉಮೇಶ ಬಂದು ತನ್ನದಕ್ಕೂ ಸಹಿ ಜಡಿದು, ಎಂಟನ್ನೂ ಎಣಿಸಿಕೊಂಡ. ವಕೀಲರು ಒಂದನ್ನೂ ಓದದೆ ಎಂಟಕ್ಕೂ ಮೊಹರು ಒತ್ತಿದರು.

“ನಿಂದೆಲ್ಲಿ?” ಎಂದ.

“ಸೋಮವಾರ ಅಲ್ಲೇ ಕೊಡ್ತೆ.”

“ಎಂತಕ್ಕೆ ಸೋಮವಾರದ ತನಕ? ಹೆದ್ರಿಕೆ ಆಗ್ತದನೇ? ತಿಮ್ಮು ನನ್ನ ದೋಸ್ತನೇ ಮಾರಾಯ್ತಿ. ಅವಂಗೆ ಮೈದಾನದಲ್ಲಿ ವಾಚ್‌ಮನ್ ಕೆಲ್ಸ ಕೊಡ್ತೆ. ಕಾಲು ಸಮ ಇಲ್ಲ, ಕೂತ್ಕಂಡೇ ಮಾಡ್ಲಿ.” ಅವನದೇ ಗದ್ದೆಗೆ ಅವನನ್ನೇ ಕಾವಲು ಕೂರಿಸುವ ಮಾತನ್ನು ಉಪಕಾರವೆಂಬಂತೆ ಹೇಳಿದ. ಹೇಳುವಾಗ ಅವನಿಗೆ ನಗು ಕೂಡ ಬರಲಿಲ್ಲ.

ನೀನು ಆಗಲೇ ಅವನ ಮುಖಕ್ಕೆ ಉಗುಳಬೇಕಿತ್ತು ಎಂದು ನೀವು ಹೇಳಬಹುದು. ಹೌದು. ತಿಮ್ಮುವಿಗೆ ಒಂದು ಫೋನಾದರೂ ಮಾಡಬೇಕಿತ್ತು. ಮೂರು ದಿನ ಮಾಡಲಿಲ್ಲ. ಮನೆಯಲ್ಲಿ ಅಪ್ಪ ನಿವೃತ್ತರು, ನನ್ನ ಸಂಬಳ ಬೇಕು; ವಕೀಲರಿಗೆ ಉಮೇಶ ದೊಡ್ಡ ಗಿರಾಕಿ. ಭಾನುವಾರವಿಡೀ ನಾನು ಯೋಚಿಸಿದ್ದು, ಫೋಟೋ ಹೇಗೂ ಪಿನ್ನು ಹೊಡೆದಿದೆ, ನಾನು ಬಾಯಿ ಬಿಡದೆಯೂ ನಡೆದೀತು ಎಂದು. ಪ್ರಕಾಶನ ‘ನೆನಪಿಲ್ಲ’ಕ್ಕೂ ನನ್ನ ಈ ಯೋಚನೆಗೂ ಏನು ವ್ಯತ್ಯಾಸ? ಛೀ.

ಸೋಮವಾರ ಆ ಏಳು ಜನ ಹಳದಿ ಶರ್ಟು ಹಾಕಿಕೊಂಡು ಬಂದಿದ್ದರು. ತಹಶೀಲ್ದಾರರ ಕೋಣೆಯಲ್ಲಿ ಸಾಲಾಗಿ ನಿಂತರು, ಕಪ್ಪು ಗೆದ್ದವರ ಹಾಗೆ. ಎದುರಿಗೆ ತಿಮ್ಮು, ಒಂದು ಕಾಲಿನ ಮೇಲೆ ಭಾರ ಹಾಕಿ. ಪಕ್ಕದಲ್ಲಿ ಕೊರಳ ತುಂಬ ಮಣಿಸರದ ಕಾಮಕ್ಕ. ತಿಮ್ಮು ಹಳೆಯ ಗೆಳೆಯರನ್ನೆಲ್ಲ ಒಂದು ಸಲ ನೋಡಿದ. ಸಿಟ್ಟಿನಿಂದ ನೋಡಿದ್ದರೆ ಒಳ್ಳೆಯದಿತ್ತು. ಅವನು ನಾಚಿಕೆಯಿಂದ ನೋಡಿದ, ಅವರ ಪರವಾಗಿ ತಾನೇ ನಾಚಿಕೊಳ್ಳುವವನ ಹಾಗೆ.

“ದಾಖಲೆ ಏನಿದೆ?” ಎಂದು ತಹಶೀಲ್ದಾರರು ಕೇಳಿದರು. ನಡುವಯಸ್ಸಿನ ಹೆಂಗಸು, ಗಡುಸು ದನಿ.

“ಕಾಗ್ದ ಹೊಳೆಗೆ ಹೋಯ್ತು ಅಮ್ಮಾ. ಗದ್ದೆ ಮಾಡ್ದವ್ರು ನಾವೇ. ಇವ್ರಿಗೆಲ್ಲ ಗೊತ್ತದೆ” ಎಂದು ತಿಮ್ಮು ಹಳದಿ ಸಾಲಿನ ಕಡೆ ಕೈ ತೋರಿಸಿದ. ಸಾಲು ನೆಲ ನೋಡಿತು.

ಅವರು ಅಫಿಡವಿಟ್ಟುಗಳನ್ನು ಒಂದೊಂದಾಗಿ ಮಗುಚಿದರು. ಮೂರನೆಯದಕ್ಕೆ ಕೈ ನಿಂತಿತು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಈ ಚಿತ್ರ ನಿಮ್ಮದೇ?”

“ನಮ್ದೇ ಮೇಡಂ” ಎಂದ ಉಮೇಶ. “ಎಲ್ಲರೂ ಬರ್ದು ಕೊಟ್ಟಾರೆ, ಜಾಗನೂ ಅದೇ.”

“ಯಾವ ತಿಂಗಳು ತೆಗೆದದ್ದು?”

“ಜನವರಿ. ನಾನೇ ತೆಗೆದದ್ದು” ಎಂದು ಆ ಮನುಷ್ಯ, ಮಾದು, ಎದೆಯುಬ್ಬಿಸಿ ಮುಂದೆ ಬಂದ.

“ಮಕ್ಕಳ ಕಾಲ ಕೆಳಗೆ ಇದೇನು?”

ಅವನು ಬಗ್ಗಿ ನೋಡಿದ. ಆ ಫೋಟೋದಲ್ಲಿ ಕಾಲುಗಳಿವೆ ಎಂಬುದು ಅವನಿಗೆ ಗೊತ್ತಾದದ್ದೇ ಆಗ. “ಹುಲ್ಲು ಮೇಡಂ” ಎಂದ.

“ಗೇಣಿಗೊಂದರಂತೆ, ಸಾಲಾಗಿ, ಎಲ್ಲ ಒಂದೇ ಎತ್ತರಕ್ಕೆ ಕೊಯ್ದುಕೊಂಡು ಬೆಳೆಯುವ ಹುಲ್ಲು ಯಾವುದು ಮಾಸ್ತರೆ? ನಮ್ಮ ಮನೆಯಲ್ಲೂ ಗದ್ದೆ ಇದೆ.” ಅವರು ಫೋಟೋವನ್ನು ಮೇಜಿನ ಆಚೆಗೆ ತಳ್ಳಿದರು. “ಹಿಂದೆ ಕುತ್ರಿ ಒಟ್ಟುತ್ತಿರುವವರು ಯಾರು?”

ಕಾಮಕ್ಕ ಮುಂದೆ ಬಂದು ನೋಡಿದಳು. ಬೆರಳಿನಿಂದ ಮುಟ್ಟಿದಳು. “ನಮ್ಮನೆಯವ್ರು” ಎಂದಳು. ಅಷ್ಟೇ ಹೇಳಿ, ಕೈ ತೆಗೆಯದೆ ಹಾಗೇ ನಿಂತಳು.

ಉಮೇಶ ತಿರುಗಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ತಹಶೀಲ್ದಾರರು ಎಣಿಸುತ್ತಿದ್ದರು. “ಚಿತ್ರದಲ್ಲಿ ಒಂಬತ್ತು ಜನ. ಏಳು ಜನ ಬರೆದುಕೊಟ್ಟಿದ್ದೀರಿ. ಒಬ್ಬ ಇವನು. ಇನ್ನೊಬ್ಬಳು ಹುಡುಗಿ ಎಲ್ಲಿ?”

ವಕೀಲರು ನನ್ನ ಕಡೆ ನೋಡಿ ಕಣ್ಣಿನಲ್ಲೇ ಬೇಡವೆಂದರು. ನಾನು ಎದ್ದು ನಿಂತೆ.

“ನಾನೇ ಮೇಡಂ. ಅದು ಕೂಳೆ. ಬರಿಗಾಲಿಗೆ ಚುಚ್ತಿತ್ತು. ಬದು ಕಡಿದು ಕೊಟ್ಟವ್ರು ಬೊಮ್ಮಯ್ಯನವ್ರು, ಮಳೆಗಾಲಕ್ಕೆ ತಿರುಗಿ ಕಟ್ತಿದ್ರು. ಆ ಗದ್ದೆಯ ಗಂಜಿಯನ್ನ ನಾವ್ ಒಂಬತ್ತೂ ಜನ ಉಂಡಿದ್ದೇವೆ. ಉಮೇಶ ದಿನಾ ಮೂರು ಬಟ್ಲು ಉಣ್ತಿದ್ದ.”

ಮೂರು ಬಟ್ಟಲಿನ ಮಾತು ಬೇಕಿರಲಿಲ್ಲ. ಆದರೆ ಅದನ್ನು ಹೇಳಿದಾಗಲೇ ದೀಕ್ಷಾ ಬಿಕ್ಕಿದ್ದು, ರೂಪೇಶ ಶರ್ಟಿನ ಎದೆಯ ಮೇಲಿನ ಚೆಂಡಿಗೆ ಕೈ ಅಡ್ಡ ಹಿಡಿದದ್ದು. ಪ್ರಕಾಶ ಮಾತ್ರ ತನ್ನ ಹೇಳಿಕೆಯಲ್ಲಿ ‘ನೆನಪಿಲ್ಲ’ ಎಂದಿದೆ, ದಯವಿಟ್ಟು ಗಮನಿಸಬೇಕು ಎಂದು ಕೈಯೆತ್ತಿದ. ಅಂಥವರಿಗೆ ಸಾವಿಲ್ಲ.

ಹದಿನೈದು ದಿನದಲ್ಲಿ ಆದೇಶ ಬಂತು. ಸಾಗುವಳಿ ತಿಮ್ಮುವಿನ ಮನೆಯದೇ, ಬೇಲಿ ತೆಗೆಯತಕ್ಕದ್ದು. ನನ್ನ ಆದೇಶ ಅದಕ್ಕೂ ಮೊದಲೇ, ಅದೇ ಸೋಮವಾರ ಸಂಜೆ ಬಂದಿತ್ತು: ನಾಳೆಯಿಂದ ಬರುವುದು ಬೇಡ. ಈಗ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತೇನೆ. ಅಲ್ಲಿ ಸತ್ಯಪ್ರಮಾಣ ಮಾಡಬೇಕಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಟ್ಟರಾಯಿತು.

ಜೂನ್ ಮೊದಲ ಮಳೆಗೆ ತಿಮ್ಮು ಗದ್ದೆಗಿಳಿದಿದ್ದಾನೆ ಎಂದು ಕೇಳಿ ಹೋದೆ. ಅವನು ಕುಂಟುತ್ತ ಬದು ಕಟ್ಟುತ್ತಿದ್ದ. ಜೆಸಿಬಿ ಎಲ್ಲ ಅಳಿಸಿದ್ದರಿಂದ ಹಳೆಯ ಗುರುತು ಯಾವುದೂ ಇರಲಿಲ್ಲ. ಹಗ್ಗದ ಒಂದು ತುದಿ ಹಿಡಿದುಕೋ ಎಂದು ನನ್ನ ಕೈಗೆ ಕೊಟ್ಟ. ನಾಲ್ಕೂ ಕಂಬಗಳನ್ನು ಕಿತ್ತು ಬದುವಿನ ಬುಡಕ್ಕೆ ಅಡ್ಡ ಮಲಗಿಸಿ ಮೇಲೆ ಮಣ್ಣು ಬಡಿಯುತ್ತಿದ್ದ. ಕಾಮಕ್ಕ ಗೊಬ್ಬರದ ಬುಟ್ಟಿ ಹೊತ್ತು ಬಂದಳು. ಬುಟ್ಟಿಯ ಕೆಳಗೆ ತಲೆಯ ಮೇಲೆ ಹಳದಿ ಬಟ್ಟೆಯ ಸಿಂಬಿ. ತಿಮ್ಮುವಿನ ಹೆಸರಿನ ಶರ್ಟು, ಆದೇಶ ಬಂದ ಮೇಲೆ ನಾನೇ ಕೊಟ್ಟುಕಳಿಸಿದ್ದು.

“ಡಿಸೆಂಬರಿಗೆ ಶಾಲೆ ಹುಡುಗ್ರು ಕೇಳ್ಕಂಡ್ ಬಂದ್ರೆ?” ಎಂದೆ.

“ಇಲ್ಲ” ಎಂದ ತಿಮ್ಮು. ಗುದ್ದಲಿ ನಿಲ್ಲಿಸಲಿಲ್ಲ. “ಅಪ್ಪ ಇದ್ದಿದ್ರೆ ಕೊಡ್ತಿದ್ದ. ನಂಗಾಗೂದಿಲ್ಲ.”

ಮಧ್ಯಾಹ್ನ ಹಿತ್ತಿಲಲ್ಲಿ ಕಾಮಕ್ಕ ಗಂಜಿ ಬಡಿಸಿದಳು. ಅದೇ ಬಟ್ಟಲು, ಅದೇ ಒಣಮೀನಿನ ಚಟ್ನಿ. ಅಕ್ಕಿ ಮಾತ್ರ ರೇಷನ್ನಿನದು. ನಾನು ಒಂದು ತುತ್ತು ಬಾಯಿಗಿಟ್ಟೆ.

“ತಂಗೀ, ಆ ಎಂಟೂ ಕಾಗ್ದ ಟೈಪ್ ಮಾಡ್ದವ್ಳು ನೀನೇ ಅಂತೆ, ಹೌದನೇ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಊರ ಸುದ್ದಿ ಕೇಳುವ ಹಾಗೆ ಕೇಳಿದಳು.

“ಹೌದು ಕಾಮಕ್ಕ.”

“ಎಂಟೂ?”

“ಎಂಟೂ.”

ಅವಳು ತಲೆಯಾಡಿಸಿದಳು. ಇನ್ನೊಂದು ಸೌಟು ಗಂಜಿಯನ್ನು ನನ್ನ ಬಟ್ಟಲಿಗೆ ಹಾಕಿ, ಉಣ್ಣು ಎಂದು ಒಳಗೆ ಹೋದಳು.